ಉಪ್ಪು ಸರಿ ಉಂಟು

ಅಜ್ಜ ‘ಉಪ್ಪು ಸರಿ ಉಂಟು’ ಎಂದು ಹೇಳಲಿಲ್ಲ, ಸಾನು. ಅಜ್ಜ ಹಾಗೆ ಹೇಳಿದರೆಂದು ನೀನೂ ಹೇಳಲಿಲ್ಲ. ಅದನ್ನು ಹುಟ್ಟಿಸಿದವನು ನಾನು — ನಿನ್ನ ಪಪ್ಪ, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಕೊಟ್ಟಾರದವರೆಗೆ ಹೋದವನು ಮತ್ತೆ ದೇರೆಬೈಲಿನ ಮನೆಗೆ ತಿರುಗಿ ಬಂದು ನೋಡುವ ಮನುಷ್ಯ. ಸಿಲಿಂಡರಿನ ಬಗ್ಗೆ ಇಷ್ಟು ಜಾಗ್ರತೆ ಇರುವವನಿಗೆ ಮಗಳ ಮಾತಿನ ಬಗ್ಗೆ — ಇರಲಿ. ಮೊದಲಿನಿಂದ ಹೇಳುತ್ತೇನೆ.

ನಿನಗಾಗ ನಾಲ್ಕು ವರ್ಷ. ನೀನು ಬಾಯಿ ತೆರೆದರೆ ನಾನು ಮೊಬೈಲ್ ತೆರೆಯುತ್ತಿದ್ದೆ. ನೀನು ಹೇಳಿದ್ದನ್ನೆಲ್ಲ ಆಗಿಂದಾಗಲೇ ಟೈಪ್ ಮಾಡಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವುದು ನನ್ನ ಚಟ. ಸ್ಕೂಟರ್ ರಸ್ತೆಯ ಹಂಪ್ ಹತ್ತುವಾಗ ನೀನು, “ಪಪ್ಪ, ರಸ್ತೆಗೆ ಪಾಪು ಆಗ್ಲಿಕ್ಕೆ ಉಂಟಾ?” ಎಂದು ಕೇಳಿದ್ದೆ. ಬಂದರಿನಲ್ಲಿ ಬುಟ್ಟಿ ತುಂಬ ಬಂಗುಡೆ ಕಣ್ಣು ಬಿಟ್ಟುಕೊಂಡು ಮಲಗಿದ್ದನ್ನು ನೋಡಿ, “ಇದಕ್ಕೆಲ್ಲ ಎಂತ ಟೆನ್ಶನ್? ಪಪ್ಪನ ಹಾಗೆ ಕಣ್ಣೇ ಮುಚ್ಚುದಿಲ್ಲ” ಎಂದಿದ್ದೆ. ಮೀನು ಮಾರುವ ಹೆಂಗಸು ನನ್ನ ಮುಖವನ್ನೂ ಬುಟ್ಟಿಯನ್ನೂ ಒಂದೊಂದು ಸಲ ನೋಡಿ, “ಹೌದಲ್ಲ ಮಾರಾಯ್ರೆ!” ಎಂದು ನಕ್ಕಳು. ದುಬೈಯಲ್ಲಿರುವ ನಿನ್ನ ಚಿಕ್ಕಪ್ಪ ಅದನ್ನು ತನ್ನ ರೂಮಿನವರಿಗೆಲ್ಲ ಓದಿ ಹೇಳಿದನಂತೆ. ನನ್ನಂಥ ಪಂಪ್‌ಸೆಟ್ ಅಂಗಡಿಯವನನ್ನು ಯಾರು ಹೊಗಳುತ್ತಾರೆ ಹೇಳು — ನಿನ್ನ ಮಾತಿಗೆ ಬಂದ ನಗುವನ್ನು ನಾನು ನನ್ನದೆಂದೇ ತೆಗೆದುಕೊಂಡೆ. ಎರಡು ವಾರ ನೀನು ಏನೂ ತಮಾಷೆ ಹೇಳದಿದ್ದರೆ ನನಗೆ ಚಡಪಡಿಕೆ. ಚಿಕ್ಕಪ್ಪ ಬೇರೆ ಬರೆಯುತ್ತಿದ್ದ: “ಎಂತ ಅಣ್ಣಾ, ಸಾನುವಿನ ಅಂಗಡಿ ಬಂದ್ ಆಯ್ತಾ?”

ಅದೇ ವರ್ಷ ಅಜ್ಜ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಡಾಕ್ಟರು ಅವರಿಗೆ ಉಪ್ಪು ಬಿಡಿಸಿದ್ದರು. ಅಜ್ಜಿ ಮಾಡಿದ ಬಂಗುಡೆ ಗಸಿಯ ಬಟ್ಟಲನ್ನು ಅಜ್ಜ ಬೆರಳಿನಿಂದ ದೂಡಿ, “ಚಪ್ಪೆ” ಎನ್ನುತ್ತಿದ್ದರು. ಅಷ್ಟೇ ಮಾತು. ಅಜ್ಜಿ ಒಂದು ಹರಳು ಉಪ್ಪನ್ನೂ ಹೆಚ್ಚು ಹಾಕಲಿಲ್ಲ; ಹಾಕದ ಹಾಗೆ ಕಾವಲು ನಿಂತವನು ನಾನೇ. ಅಜ್ಜ ಹೋದ ಮೇಲೆ ಅಜ್ಜಿ ಮೀನು ತಿನ್ನುವುದನ್ನು ಬಿಟ್ಟರು. ಯಾಕೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಮಳೆಗಾಲದ ಆಟಿ ತಿಂಗಳು ಬಂತು. ತೀರಿಹೋದವರಿಗೆ ಬಡಿಸುವ ನಮ್ಮ ಕ್ರಮ ನಿನಗೆ ಗೊತ್ತೇ ಇದೆ — ಬಾಳೆಲೆಯಲ್ಲಿ ಅವರ ಇಷ್ಟದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಕೋಣೆಯ ಬಾಗಿಲು ಎಳೆದುಕೊಂಡು, ಅವರ ಊಟ ಮುಗಿಯುವಷ್ಟು ಹೊತ್ತು ನಾವು ಹೊರಗೆ ಸುಮ್ಮನೆ ಕಾಯುವುದು. ಅಜ್ಜನಿಗೆ ಅದು ಮೊದಲ ಎಲೆ. ಅಜ್ಜಿ ಆ ದಿನ ಗಸಿಗೆ ಕೈತುಂಬ ಉಪ್ಪು ಹಾಕಿದ್ದರು. ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದಾಗ ನೀನು ಬಾಗಿಲಿನ ಸಂದಿಗೆ ಕಣ್ಣಿಟ್ಟು ಕೂತಿದ್ದೆ. ನಾನು ಬಗ್ಗಿ, “ಎಂತ ಕಾಣ್ತದೆ?” ಎಂದು ಪಿಸುಗುಟ್ಟಿದೆ.

“ದೀಪ ಉಂಟು. ಎಲೆ ಉಂಟು. ಒಂದು ನೊಣ ಊಟ ಮಾಡ್ತಾ ಉಂಟು.”

ನೀನು ಹೇಳಿದ್ದು ಇಷ್ಟೇ. ಎಷ್ಟು ಚೆಂದದ ಮಾತು — ಈಗ ಅನಿಸುತ್ತದೆ. ಆಗ ನನಗೆ ಹೆದರಿಕೆಯಾಯಿತು. ಅಜ್ಜನ ಎಲೆಯಲ್ಲಿ ನೊಣ ಎಂದರೆ ಯಾರು ನಗುತ್ತಾರೆ? ಯಾರಾದರೂ ಬೇಜಾರು ಮಾಡಿಕೊಂಡರೆ? ಗ್ರೂಪಿನಲ್ಲಿ ಎಲ್ಲರೂ ಕಾಯುತ್ತಿದ್ದರು — ಕಾಯುತ್ತಿದ್ದರು ಎಂದು ನಾನೇ ಅಂದುಕೊಂಡಿದ್ದೆ. ಜಗಲಿಗೆ ಹೋಗಿ ಟೈಪ್ ಮಾಡಿದೆ: ‘ಸಾನು ಸಂದಿಯಿಂದ ನೋಡಿ ಹೇಳಿದಳು — ಅಜ್ಜ ಊಟ ಮಾಡ್ತಾ ಇದ್ದಾರೆ, ಉಪ್ಪು ಸರಿ ಉಂಟು ಅಂತ ಹೇಳಿದರು.’

ಬಾಗಿಲು ತೆರೆಯುವ ಮೊದಲೇ ಚಿಕ್ಕಪ್ಪನ ಫೋನ್ ಬಂತು. ಅಜ್ಜಿಗೇ. ಅವನು ಅಳುತ್ತಿದ್ದ. ಅಜ್ಜಿ ಫೋನ್ ಕೆಳಗಿಟ್ಟು ನಿನ್ನ ಮುಂದೆ ಕೂತು ನಿನ್ನ ಎರಡೂ ಕೆನ್ನೆ ಹಿಡಿದರು.

“ಅಜ್ಜನನ್ನು ಕಂಡಿಯಾ ಮಗಾ? ಉಪ್ಪು ಸರಿ ಉಂಟು ಅಂತ ಹೇಳಿದರಾ?”

ನೀನು ನನ್ನ ಮುಖ ನೋಡಿದೆ.

ನಾನು ತಲೆ ಆಡಿಸಿದೆ. ಹೌದೆನ್ನು, ಎಂದು.

“ಹೂಂ,” ಅಂದೆ ನೀನು.

ಆ ಮಧ್ಯಾಹ್ನ ಅಜ್ಜಿ ಮೀನು ತಿಂದರು. ಇದನ್ನು ನಾನು ನೆಪವಾಗಿ ಹೇಳುತ್ತಿಲ್ಲ — ಅಥವಾ ಹೇಳುತ್ತಿದ್ದೇನೋ. ಅಜ್ಜಿಯ ಸಮಾಧಾನಕ್ಕಾಗಿ ಬರೆದೆ ಎಂದರೆ ಅದು ಇನ್ನೊಂದು ಸುಳ್ಳು. ಬರೆಯುವಾಗ ಅಜ್ಜಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಇದ್ದದ್ದು ಗ್ರೂಪು.

ಮುಂದಿನದು ನಿನಗೇ ಗೊತ್ತು. ಪ್ರತಿ ಆಟಿಯಲ್ಲಿ ಅಜ್ಜಿ ನಿನ್ನನ್ನು ಬಾಗಿಲ ಬುಡದಲ್ಲಿ ಕೂರಿಸುವುದು, “ಅಜ್ಜ ಎಂತ ಹೇಳಿದರು?” ಎಂದು ಕೇಳುವುದು, ನೀನು ಒಂದು ವರ್ಷ “ಖುಷಿಯಲ್ಲಿದ್ದಾರೆ”, ಇನ್ನೊಂದು ವರ್ಷ “ಮಂಡೆ ಬಿಸಿ ಮಾಡ್ಬೇಡಿ ಅಂದರು” ಎನ್ನುವುದು. ಹೇಳುವ ಮೊದಲು ಪ್ರತಿ ಸಲ ನನ್ನ ಮುಖ ನೋಡುವುದು. ಬರೀ ಆಟಿಯಲ್ಲಲ್ಲ, ಸಾನು. ಆ ದಿನದಿಂದ ನೀನು ಯಾವ ಮಾತು ಆಡುವ ಮೊದಲೂ ನನ್ನ ಮುಖ ನೋಡತೊಡಗಿದೆ. ರಸ್ತೆಗೆ ಪಾಪು ಆಗುವಂಥ ಮಾತು ಆಮೇಲೆ ನಿನ್ನ ಬಾಯಿಂದ ಬರಲೇ ಇಲ್ಲ. ಮಕ್ಕಳು ದೊಡ್ಡವರಾಗುವಾಗ ಹಾಗೆಯೇ ಎಂದು ನಿನ್ನ ಅಮ್ಮ ಹೇಳಿದಳು. ನಾನು ಒಪ್ಪಿದೆ. ಒಪ್ಪುವುದು ಸುಲಭವಿತ್ತು.

ಹೇಳಿಬಿಡೋಣ ಎಂದು ಅನಿಸಿದ್ದಿಲ್ಲವೇ? ಅನಿಸಿತ್ತು. ಅಜ್ಜಿಗೆ ಬಿಪಿ ಏರಿದರೆ, ಚಿಕ್ಕಪ್ಪ ಮಾತು ಬಿಟ್ಟರೆ, ನೀನು ನನ್ನನ್ನು — ಚಿಂತೆ ಮಾಡಲಿಕ್ಕೆ ನನಗೆ ಯಾರೂ ಕಲಿಸಬೇಕಾಗಿಲ್ಲ. ಚಿಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು ಎಂದು ನಂಬಿ ಬದುಕಿದವನು ನಾನು.

ಹೋದ ವಾರ ಟ್ಯೂಷನ್ನಿನಿಂದ ಬರುವಾಗ ಕೊಟ್ಟಾರದ ಜಂಕ್ಷನ್ನಿನಲ್ಲಿ ಸ್ಕೂಟರ್ ನಿಂತಿತ್ತು. ಹಿಂದಿನಿಂದ ನೀನು ಕೇಳಿದೆ: “ಪಪ್ಪ, ಸಣ್ಣದಿರುವಾಗ ನನಗೆ ಅಜ್ಜ ನಿಜವಾಗಿ ಕಂಡಿದ್ದರಲ್ಲ? ಈಗ ಯಾಕೆ ಕಾಣುದಿಲ್ಲ? ನಾನು ಎಂತಾದ್ರೂ ತಪ್ಪು ಮಾಡಿದ್ದೇನಾ?”

ಹತ್ತನೇ ಕ್ಲಾಸಿನ ಹುಡುಗಿ. ಇಷ್ಟು ವರ್ಷ ನೀನು ಸುಳ್ಳನ್ನು ತಿಳಿದೇ ಹೇಳುತ್ತಿರುವೆ ಎಂದು ಭಾವಿಸಿದ್ದೆ. ಅದೇ ನನಗೆ ಸಾಕಷ್ಟು ಭಾರವಾಗಿತ್ತು. ಮೊದಲನೆಯದನ್ನು ನೀನು ನಿಜವೆಂದು ನಂಬಿರುವೆ, ಉಳಿದದ್ದಕ್ಕೆ ನಿನ್ನನ್ನೇ ದೂರಿಕೊಳ್ಳುತ್ತಿರುವೆ ಎಂದು ನನಗೆ ಗೊತ್ತಿರಲಿಲ್ಲ. ಹೇಳಬೇಕಾದ ಜಾಗ ಅದೇ ಆಗಿತ್ತು. ನಾನು ಹೇಳಿದ್ದು: “ಬಸ್ಸು ಬರ್ತಾ ಉಂಟು, ಗಟ್ಟಿ ಹಿಡ್ಕೊ.”

ನೀನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಹಿಡಿತ ಇನ್ನೂ ನನ್ನ ಅಂಗಿಯಲ್ಲಿ ಇದ್ದ ಹಾಗೆ ಇದೆ.

ನೀನು ಯಾವ ತಪ್ಪೂ ಮಾಡಲಿಲ್ಲ. ನಿನಗೆ ಆಗಲೂ ಅಜ್ಜ ಕಂಡಿರಲಿಲ್ಲ. ಕಂಡದ್ದು ಒಂದು ನೊಣ. ನೀನು ನೊಣ ಎಂದೇ ಹೇಳಿದೆ.

ಈ ಭಾನುವಾರ ಮತ್ತೆ ಎಲೆ ಹಾಕಲಿಕ್ಕಿದೆ. ಬೆಳಿಗ್ಗೆ, ಅಜ್ಜಿ ಮೀನು ತೊಳೆಯಲು ಕೂರುವ ಮೊದಲು, ನಾನೇ ಅವರ ಹತ್ತಿರ ಹೋಗಿ ಹೇಳುತ್ತೇನೆ. ಅವರು ಮತ್ತೆ ಮೀನು ಬಿಟ್ಟರೆ ಅದೂ ನನ್ನದೇ. ಆಮೇಲೆ ಗ್ರೂಪಿನಲ್ಲಿ ಬರೆಯುತ್ತೇನೆ. ನೀನು ಬಾಗಿಲ ಹತ್ತಿರ ಕೂರಬೇಕಾಗಿಲ್ಲ. ಕೂತರೂ, ಯಾರಾದರೂ ಏನು ಕಂಡಿತು ಎಂದು ಕೇಳಿದರೂ, ನನ್ನ ಮುಖ ನೋಡಬೇಡ. ನೊಣ ಕಂಡರೆ ನೊಣ ಎನ್ನು.