ತಮ್ಮನ ಬೇಸ್ ಗಿಟಾರು

ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಪ್ರತಿ ಭಾನುವಾರ ಬ್ಯಾಂಡಿನ ಅಭ್ಯಾಸ ನಡೆಯುತ್ತಿತ್ತು. ನಾನು ಡ್ರಮ್ಸ್ ಬಾರಿಸುತ್ತಿದ್ದೆ, ನನ್ನ ತಮ್ಮ ಬೇಸ್ ಗಿಟಾರು ನುಡಿಸುತ್ತಿದ್ದ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ನಾನು ಡ್ರಮ್ಸನ್ನೂ ಯಾರ ಬಳಿಯೂ ಕಲಿತಿಲ್ಲ. ಹುರುಪು ಬಂದರೆ ನನ್ನ ಕೈ ತಾಳ ಮೀರಿ ಓಡುತ್ತದೆ. ಆಗ ತಮ್ಮ ನನ್ನ ಪೆಟ್ಟು ಬಿದ್ದ ಮೇಲೆ ಕೂದಲೆಳೆಯಷ್ಟು ತಡೆದು ತಂತಿ ಮೀಟುತ್ತಿದ್ದ. ಅದನ್ನು ಕೇಳಿ ನನ್ನ ಕೈ ತಾನಾಗಿ ನಿಧಾನವಾಗುತ್ತಿತ್ತು, ಹಾಡು ಹದಕ್ಕೆ ಬರುತ್ತಿತ್ತು.

ಯುಗಾದಿ ಕಾರ್ಯಕ್ರಮಕ್ಕೆ ಮುಂಚೆ ನಮ್ಮ ಗಾಯಕ ಅಭ್ಯಾಸದ ಒಂದು ರೆಕಾರ್ಡಿಂಗ್ ಹಾಕಿ ತಮ್ಮನಿಗೆ ಕೇಳಿಸಿದ.

"ಬೇಸು ಲೇಟಾಗ್ತಿದೆ ಕಣೋ. ನಿದ್ದೆಗಣ್ಣಲ್ಲಿ ನುಡಿಸ್ತೀಯಾ? ಈ ಸಲ ಕೀಬೋರ್ಡಲ್ಲೇ ಬೇಸ್ ಹಾಕ್ಕೋತೀವಿ ಬಿಡು."

ಎಲ್ಲರೂ ನಕ್ಕರು. ತಮ್ಮ ನನ್ನತ್ತ ತಿರುಗಿದ. "ಅಕ್ಕಾ, ನಾನು ಲೇಟಾ?"

ಓಡುತ್ತಿರುವುದು ನನ್ನ ಕೈ ಎಂದರೆ ನನ್ನನ್ನೇ ಬ್ಯಾಂಡಿನಿಂದ ಬಿಡುತ್ತಾರೆಂದು ಹೆದರಿದೆ. ವಾರವಿಡೀ ಗ್ರೋಸರಿ ಅಂಗಡಿಯಲ್ಲಿ ನಿಂತು ದುಡಿಯುವ ನನಗೆ ಇದ್ದದ್ದು ಆ ಭಾನುವಾರ ಒಂದೇ.

"ಸ್ವಲ್ಪ ಲೇಟೇ ಕಣೋ," ಎಂದೆ.

ಅವನು ಗಿಟಾರನ್ನು ಚೀಲಕ್ಕೆ ಹಾಕಿದ. ವೈರು ಸುತ್ತಿಕೊಂಡು ಹೊರಟುಹೋದ.

ವೇದಿಕೆಯ ಮೇಲೆ ಮೊದಲ ಹಾಡಿಗೇ ನನ್ನ ಕೈ ಓಡಿತು. ಕೀಬೋರ್ಡಿನವನೂ ನನ್ನ ಹಿಂದೆಯೇ ಓಡಿದ. ಗಾಯಕನಿಗೆ ಉಸಿರು ಸಾಲಲಿಲ್ಲ, ಕುಣಿಯುತ್ತಿದ್ದ ಮಕ್ಕಳು ಹೆಜ್ಜೆ ತಪ್ಪಿ ನಿಂತುಬಿಟ್ಟರು.

ಮರುದಿನ ರೆಡ್‌ವುಡ್ ಸಿಟಿಯಲ್ಲಿದ್ದ ತಮ್ಮನ ಅಪಾರ್ಟ್‌ಮೆಂಟಿಗೆ ಹೋಗಿ, ತಪ್ಪು ನನ್ನದೆಂದು ಆವತ್ತೇ ಗೊತ್ತಿತ್ತು ಎಂದು ಹೇಳಿದೆ.

"ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ ಅಕ್ಕಾ," ಎಂದ ತಮ್ಮ. "ಗೊತ್ತಿಲ್ದೆ ಹೇಳಿದ್ಳು ಅಂತ ಸಮಾಧಾನ ಮಾಡ್ಕೊಂಡಿದ್ದೆ."

ಆಮೇಲೆ ಅವನು ನನ್ನ ಜೊತೆ ನುಡಿಸಿಲ್ಲ.