ನಸೀಮಕ್ಕನ ಮನೆಯ ಸುಕ್ಕುಬಿದ್ದ ಗೋಡೆ

ಪಕ್ಕದ ಮನೆಯ ಹೊರಗೋಡೆಯಿಂದ ಕೆಲಸಗಾರ ಉದ್ದನೆಯ ಪಟ್ಟಿಯೊಂದನ್ನು ಕಳಚಿ ಹುಲ್ಲಿನ ಮೇಲೆ ಇಟ್ಟ. ಬಗ್ಗಿ ಮುಟ್ಟಿದೆ. ಅದರ ಸುಕ್ಕಿನ ಸಂದಿಯಲ್ಲಿದ್ದ ಎಣ್ಣೆಯ ಜಿಡ್ಡು ಬೆರಳಿಗೆ ಅಂಟಿತು. ಮೂಸಿಯೂ ನೋಡಿದೆ. ಅಮೆರಿಕದ ಈ ಸಮರ್‌ಸೆಟ್‌ನಲ್ಲಿ ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದ ಹೆಂಗಸು ನೆರೆಮನೆಯ ಗೋಡೆ ಮೂಸುವುದನ್ನು ಕಂಡು ಆತ ಏನೆಂದುಕೊಂಡನೋ ಕಾಣೆ.

ಇಲ್ಲಿನ ಮನೆಗಳ ಗೋಡೆ ನಮ್ಮೂರಿನ ಗೋಡೆಯಂತಲ್ಲ. ಮರದ ಚೌಕಟ್ಟಿನ ಹೊರಗೆ ಸೈಡಿಂಗ್ ಎಂಬ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಹೊದಿಸಿರುತ್ತಾರೆ. ಅದು ಮಳೆ ತಡೆಯುತ್ತದೆ, ಹಿಮ ತಡೆಯುತ್ತದೆ. ಚಕ್ಕುಲಿಯನ್ನು ಮಾತ್ರ ತಡೆಯಲಾರದು.

ಚಕ್ಕುಲಿ ಮನೆಯೊಳಗೇ ಕರಿಯಬಹುದಿತ್ತಲ್ಲ ಎನ್ನಬೇಡಿ. ಒಳಗೆ ಬಾಣಲೆ ಇಟ್ಟರೆ ವಾಸನೆ ಕಾರ್ಪೆಟ್ಟಿಗೆ ಹಿಡಿಯುತ್ತದೆ, ಚಳಿಗಾಲದ ಕೋಟಿಗೆ ಹಿಡಿಯುತ್ತದೆ, ಸೋಮವಾರ ನಮ್ಮ ಜೊತೆ ಆಫೀಸಿಗೂ ಬರುತ್ತದೆ. ಅದಕ್ಕೇ ನಮ್ಮವರು ಕರಿಯುವ ಒಲೆಯನ್ನು ಗರಾಜಿಗೋ, ಹಿತ್ತಿಲಿನ ಡೆಕ್ಕು ಎಂಬ ಮರದ ಜಗಲಿಗೋ ಸಾಗಿಸಿಬಿಡುತ್ತಾರೆ. ಪಕ್ಕದ ಮನೆಯ ನಸೀಮಕ್ಕನ ಡೆಕ್ಕು ನಮ್ಮೆರಡೂ ಮನೆಗಳ ಅಡುಗೆಮನೆಯಾಗಿತ್ತು. ಅವರು ಮೈಸೂರಿನವರು, ನನಗಿಂತ ಎಷ್ಟೋ ದೊಡ್ಡವರು. ರಂಜಾನಿನ ಸಮೋಸ ಅವರದು, ದೀಪಾವಳಿಯ ಚಕ್ಕುಲಿ ನನ್ನದು, ಒಲೆ ಒಂದೇ.

ಒಂದು ದೀಪಾವಳಿಯ ಹಿಂದಿನ ದಿನ ಗಾಳಿ ಜೋರಾಗಿ ಒಲೆಯ ಉರಿ ಆರಿ ಆರಿ ಹೋಗುತ್ತಿತ್ತು. ಒಲೆಯನ್ನು ಗೋಡೆಯ ಮರೆಗೆ ತಳ್ಳಿ ಹರಟುತ್ತ ಕೂತೆವು. ಸ್ವಲ್ಪ ಹೊತ್ತಿಗೆ ನಸೀಮಕ್ಕ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡರು.

"ನೋಡೇ, ನನ್ನ ಕಣ್ಣೇ ಹಿಂಗಾಯ್ತಾ, ಗೋಡೇನೇ ಹಂಗಿದ್ಯಾ?"

ಒಲೆಯ ಕಾವಿಗೆ ಗೋಡೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. "ಮಾಮ್, ದ ಹೌಸ್ ಈಸ್ ಮೆಲ್ಟಿಂಗ್," ಎಂದಳು ನನ್ನ ಮಗಳು, ಚಕ್ಕುಲಿ ಕಡಿಯುವುದನ್ನು ನಿಲ್ಲಿಸದೆ. ಒಲೆ ಆರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ರಿಪೇರಿ ಏನೂ ಬೇಡ ಬಿಡು," ಎಂದರು ನಸೀಮಕ್ಕ. "ನಾಳೆ ಮತ್ತೆ ಇಲ್ಲೇ ಕರೀಬೇಕಲ್ಲ."

ಆಮೇಲೆ ಮಗಳ ಬಾಣಂತನಕ್ಕೆಂದು ಟೆಕ್ಸಸ್‌ಗೆ ಹೋದವರು ಮೊಮ್ಮಗುವನ್ನು ನೋಡಿಕೊಳ್ಳುತ್ತ ಅಲ್ಲೇ ಉಳಿದರು. ಮನೆ ಬಾಡಿಗೆಗೆ ಹೋಯಿತು. "ಮಗು ಸ್ಕೂಲಿಗೆ ಸೇರ್ಲಿ, ಬಂದ್ಬಿಡ್ತೀನಿ," ಎನ್ನುತ್ತಿದ್ದರು. ಮಗು ಸ್ಕೂಲಿಗೆ ಸೇರಿತು. ಒಬ್ಬಳೇ ಕರಿಯಲು ಮನಸ್ಸಾಗದೆ ನಾನು ಅಂಗಡಿಯ ಪ್ಯಾಕೆಟ್ಟಿಗೆ ಇಳಿದೆ. ಬಾಡಿಗೆಗೆ ಬಂದವರು ಒಳ್ಳೆಯವರೇ, ಆದರೂ ಅವರ ಜೊತೆ ಸಲಿಗೆ ಬೆಳೆಸಲಿಲ್ಲ. ಆ ಜಾಗ ನಸೀಮಕ್ಕನದು. ಗೋಡೆ ಸುಕ್ಕಾಗಿಯೇ ಇರುವವರೆಗೆ ಅವರು ಬಂದೇ ಬರುತ್ತಾರೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಈಗ ನಸೀಮಕ್ಕ ಮನೆ ಮಾರುತ್ತಿದ್ದಾರೆ. ಗೋಡೆ ಸರಿಮಾಡಿಸಿ ಎಂದು ಕೊಳ್ಳುವವರು ಹೇಳಿದ್ದರಿಂದ, ನಿಂತು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಸಿಲಿಗೆ ಮಾಸಿದ ಗೋಡೆಗೆ ಹೊಸ ಪಟ್ಟಿಯ ಬಣ್ಣ ಹೊಂದುವುದಿಲ್ಲವಂತೆ. ಕೆಲಸಗಾರ ಗರಾಜಿನ ಹಿಂದೆ, ಯಾರೂ ನೋಡದ ಕಡೆ, ಅಷ್ಟೇ ಹಳೆಯ ಪಟ್ಟಿಗಳನ್ನು ಬಿಚ್ಚಿ ತಂದು ಡೆಕ್ಕಿನ ಗೋಡೆಗೆ ಸಿಕ್ಕಿಸಿದ. ಹೊಸದನ್ನು ಗರಾಜಿನ ಹಿಂದಿನ ಗೋಡೆಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಯಾವತ್ತೂ ಏನೂ ಆಗಿಯೇ ಇಲ್ಲ ಎನ್ನುವಂತಿತ್ತು.

ವಿಡಿಯೊ ಕಾಲ್ ಮಾಡಿ ತೋರಿಸಿದೆ. ನಸೀಮಕ್ಕ ಮುಖವನ್ನು ಫೋನಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಸುಕ್ಕು ಎಲ್ಲಿತ್ತು ಅಂತಾನೇ ಗೊತ್ತಾಗಲ್ವಲ್ಲೇ."

"ನೀವು ಬರ್ತೀರಿ ಅಂತ ಇಷ್ಟು ದಿನ ಕಾಯ್ತಿದ್ದೆ ನಸೀಮಕ್ಕ," ಎಂದೆ. ಅದನ್ನು ಹಿಂದೆಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವರು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡರು.

"ನಾನೂ ಅಷ್ಟೇ ಕಣೇ," ಎಂದರು. "ನಾನು ಬರ್ತೀನಿ ಅಂತ ನಾನೂ ಕಾಯ್ತಾ ಇದ್ದೆ."