ಎರಡು ಸಲ ಉಲ್ಟಾ ಆದ ಸಿಂಕ್

ಆ ಶನಿವಾರ ಬೆಳಿಗ್ಗೆ ತಿರುವನಂತಪುರದಿಂದ ಬಂದು ರೈಲಿಳಿದಾಗ ನನಗೆ ನೆಲ ಕಾಣುತ್ತಿರಲಿಲ್ಲ, ಅಷ್ಟು ಖುಷಿ. ಬ್ಯಾಗಿನಲ್ಲಿ, ಮೈಸೂರುಪಾಕಿನ ಡಬ್ಬಿಯೊಳಗೆ, ನಾನೇ ಬೆಸುಗೆ ಹಾಕಿದ ಬೋರ್ಡ್. ನನ್ನ ಕೆಲಸ ಅಲ್ಲಿ, ಗಂಡ ಮಗಳು ಇಲ್ಲಿ ತ್ರಿಪ್ಪೂಣಿತ್ತುರದಲ್ಲಿ. ವಾರಕ್ಕೊಮ್ಮೆ ಸಂಸಾರ.

ಮಗಳು ತಾನೇ ಒಂದು ಗೇಮ್ ಬರೆದಿದ್ದಳು. ಶಾಲೆಯ ಪ್ರದರ್ಶನದಲ್ಲಿ ಅದು ಹಳೇ ದಪ್ಪ ಮಾನಿಟರಿನಲ್ಲೇ ಓಡಬೇಕಂತೆ, ಹಠ! ಅವಳಪ್ಪ ಮಟ್ಟಾಂಚೇರಿಯ ಗುಜರಿಯಿಂದ ಒಂದನ್ನು ಹೊತ್ತು ತಂದರು. ‘ಗೆರೆ ಮುಗೀತು, ಎಡಕ್ಕೆ ಬಾ’, ‘ಪರದೆ ತುಂಬಿತು, ಮೇಲಕ್ಕೆ ಹೋಗು’ ಅನ್ನುವ ಎರಡು ಸಿಂಕ್ ಸಂಜ್ಞೆಗಳನ್ನೂ ಅವಳ ಗೇಮಿನ ಚಿಪ್ ಒಂದೇ ತಂತಿಯಲ್ಲಿ ಕಳಿಸುತ್ತಿತ್ತು. ಮಾನಿಟರಿಗೆ ಬೇರೆಬೇರೆ ತಂತಿ ಬೇಕು. ಸಾಲದ್ದಕ್ಕೆ ಮಾನಿಟರಿಗೆ ಆ ಸಂಜ್ಞೆಯ ಪಲ್ಸ್ ಕೆಳಗಿಳಿಯಬೇಕು, ಇವಳದ್ದು ಮೇಲೇರುತ್ತಿತ್ತು. ತಂತಿ ಬೇರ್ಪಡಿಸೋ ಬೋರ್ಡ್ ನಾನು ಮಾಡ್ತೀನಿ ಅಂದಿದ್ದೆ, ಬೋರ್ಡಿನಿಂದ ಮಾನಿಟರಿಗೆ ಹೋಗೋ ಕೇಬಲ್ ಗಂಡನ ಪಾಲಿಗೆ. ಪಲ್ಸನ್ನೂ ಬೋರ್ಡಿನಲ್ಲೇ ಉಲ್ಟಾ ತಿರುಗಿಸಿಬಿಟ್ಟೆ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಶಾಲೆಯ ಹಾಲಿನಲ್ಲಿ ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಚಿತ್ರ ಚಿಂದಿಚಿಂದಿಯಾಗಿ ಮೇಲಕ್ಕೆ ಓಡುತ್ತಿದೆ. ಬಾಗಿಲಾಚೆ ಅವಳ ಇಡೀ ಕ್ಲಾಸು ಸಾಲು ನಿಂತಿದೆ.

"ಅಮ್ಮಾ, ಎಲ್ಲರ ಹತ್ರ ಜಂಬ ಕೊಚ್ಚಿದೀನಿ," ಅಂದಳು. ಕಣ್ಣು ತುಂಬಿತ್ತು. ನನ್ನ ಸಿಟ್ಟು ಗಂಡನ ಮೇಲೆ ತಿರುಗಿತು.

"ನನ್ನ ಬೋರ್ಡ್ ಸರಿಯಾಗಿದೆ ಕಣ್ರೀ!"

"ನನ್ನ ಕೇಬಲ್ಲೂ ಸರಿಯಾಗಿದೆ."

"ಕೇಬಲ್ಲಿನಲ್ಲಿ ತಪ್ಪಾಗೋಕೆ ಏನಿದೆ?"

ಅವರು ಕಳ್ಳಬೆಕ್ಕಿನ ಹಾಗೆ ಮುಖ ಮಾಡಿದರು. "ಪಲ್ಸ್ ಉಲ್ಟಾ ಇತ್ತಲ್ಲ, ಮಧ್ಯೆ ಒಂದು ಚಿಪ್ ಹಾಕಿ ತಿರುಗಿಸಿದೆ. ನಿನಗೆ ಸರ್ಪ್ರೈಸ್ ಕೊಡೋಣ ಅಂತ."

ಅಯ್ಯೋ ದೇವರೇ! ನಾನು ತಿರುಗಿಸಿದ್ದನ್ನು ಈ ಮಹಾನುಭಾವ ಮತ್ತೆ ತಿರುಗಿಸಿ ಮೊದಲಿನ ಹಾಗೇ ಮಾಡಿಟ್ಟಿದ್ದರು. ನಗು ತಡೆಯಲಾರದೆ ಅಲ್ಲೇ ನೆಲದ ಮೇಲೆ ಕೂತೆ. ಅವರೂ ಮೇಜು ಹಿಡಿದು ನಗತೊಡಗಿದರು. ಮಗಳು ನಮ್ಮಿಬ್ಬರನ್ನೂ ಬಿಟ್ಟು, ಸರಸರ ಅಪ್ಪನ ಕೇಬಲ್ ಕಿತ್ತು, ಚೀಲದಲ್ಲಿದ್ದ ಮಾಮೂಲಿ ಕೇಬಲ್ ಸಿಕ್ಕಿಸಿದಳು. ಚಿತ್ರ ಗಟ್ಟಿಯಾಗಿ ನಿಂತಿತು.

"ಶೆರಿಯಾಯಿ!" ಅಂತ ಮಲಯಾಳದಲ್ಲೇ ಕಿರುಚಿ ಕುಣಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಮ್ಮತ್ತ ತಿರುಗಿದಳು.

"ದಿನಾ ರಾತ್ರಿ ಗಂಟೆಗಟ್ಟಲೆ ಫೋನಲ್ಲಿ ಮಾತಾಡ್ತೀರಲ್ಲ, ಏನು ಮಾತಾಡ್ತೀರಿ ಇಬ್ಬರೂ?"

"ನಿನ್ನ ವಿಷಯಾನೇ ಕಣೇ," ಅಂದೆವು, ಒಟ್ಟಿಗೇ.